ಸುಮ್ಮನಿರಿಸುವ ನರಗಳು

ಮೊಣಕೈಯನ್ನೊಮ್ಮೆ ಮಡಿಸಿ ನೋಡಿ. ತೋಳಿನ ಮುಂಭಾಗದ ಸ್ನಾಯು ಬಿಗಿಯುವುದು ನಿಮಗೆ ತಿಳಿಯುತ್ತದೆ. ಅದೇ ಗಳಿಗೆಯಲ್ಲಿ ಹಿಂಭಾಗದ ಸ್ನಾಯು ಸಡಿಲುವುದನ್ನು ಗಮನಿಸಿದಿರಾ? ಒಂದಕ್ಕೆ ‘ಎಳೆ’ ಎಂದು ಹೇಳಿದರೆ ಸಾಲದು, ಇನ್ನೊಂದಕ್ಕೆ ‘ಸುಮ್ಮನಿರು’ ಎಂದೂ ಹೇಳಬೇಕು. ಆ ಎರಡನೆಯ ಮಾತು ನಿಂತುಹೋದಾಗ ಬರುವ ಕಾಯಿಲೆಯೇ ಧನುರ್ವಾಯು.

ಬೆನ್ನುಹುರಿಯಲ್ಲಿ ಚಾಲಕ ನರಕೋಶಗಳೆಂಬುವು ಇವೆ. ಅವುಗಳ ಎಳೆಗಳು ಹೊರಟು ಸ್ನಾಯುವನ್ನು ಮುಟ್ಟಿ, ತುದಿಯಲ್ಲಿ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ಸೂಸಿ ಅದನ್ನು ಬಿಗಿಯುವಂತೆ ಮಾಡುತ್ತವೆ. ಇಂಥ ಒಂದೊಂದು ಕೋಶದ ಮೈಮೇಲೂ ಸಾವಿರಾರು ಬೇರೆ ನರತುದಿಗಳು ಬಂದು ಕುಳಿತಿರುತ್ತವೆ. ಕೆಲವು ಗ್ಲುಟಮೇಟ್ ಸೂಸಿ ಕೋಶವನ್ನು ಕೆರಳಿಸುತ್ತವೆ. ಕೆಲವು ಗ್ಲೈಸಿನ್, ಗಾಬಾ ಎಂಬುವನ್ನು ಸೂಸಿ ತಣಿಸುತ್ತವೆ. ಗ್ಲೈಸಿನ್ ಏನೂ ಅಪೂರ್ವ ವಸ್ತುವಲ್ಲ. ನಾವು ದಿನವೂ ತಿನ್ನುವ ಬೇಳೆಯಲ್ಲಿಯೂ ಇದೆ.

ತಡೆಯುವ ಈ ಕೆಲಸ ವಿದ್ಯುತ್ತಿನದೋ, ರಸದ್ರವ್ಯದ್ದೋ ಎಂಬ ವಾದ ಬಹುಕಾಲ ನಡೆಯಿತು. ಆಸ್ಟ್ರೇಲಿಯದ ಜಾನ್ ಎಕ್ಲ್ಸ್ ವಿದ್ಯುತ್ಪಕ್ಷದ ದೊಡ್ಡ ವಾದಿ. ೧೯೫೧ರಲ್ಲಿ ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿ ಅವರೂ ಸಂಗಡಿಗರೂ ಕೂದಲಿಗಿಂತ ಸಣ್ಣ ತುದಿಯ ಗಾಜಿನ ನಳಿಕೆಯನ್ನು ಬೆಕ್ಕಿನ ಚಾಲಕ ಕೋಶದೊಳಕ್ಕೆ ಇಳಿಸಿ ಅಳೆದರು. ಫಲ ಅವರ ವಾದಕ್ಕೇ ವಿರುದ್ಧವಾಗಿ ಬಂತು. ಎಕ್ಲ್ಸ್ ತಮ್ಮ ಪಕ್ಷವನ್ನು ಕೈಬಿಟ್ಟರು. ಪಂಡಿತವರ್ಗದಲ್ಲಿ ಇದು ದಿನವೂ ಕಾಣುವ ಗುಣವಲ್ಲ! ೧೯೬೩ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು.

ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರ್ಕದ ಬೀಜದಲ್ಲಿ ಸ್ಟ್ರಿಕ್ನೀನ್ ಎಂಬ ವಿಷವಿದೆ. ಅದು ಚಾಲಕ ಕೋಶದ ಮೇಲೆ ಗ್ಲೈಸಿನ್ ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಇದು ಕೇಳುವವನ ಕಿವಿಗೆ ಅರಳೆ ತುರುಕಿದಂತೆ. ಧನುರ್ವಾಯುವಿನ ವಿಷವಾದರೋ ಹೇಳುವವನ ಬಾಯನ್ನೇ ಕಟ್ಟುತ್ತದೆ. ಮಣ್ಣು, ಸಗಣಿಗಳಲ್ಲಿರುವ ರೋಗಾಣು ಗಾಯವನ್ನು ಹೊಕ್ಕು ವಿಷ ಕಾರುತ್ತದೆ. ವಿಷವು ಚಾಲಕ ನರದ ತುದಿಯನ್ನು ಸೇರಿ, ಎಳೆಯ ಒಳಗೊಳಗೇ ಬೆನ್ನುಹುರಿಗೆ ಏರಿ, ಅಲ್ಲಿಂದ ತಡೆಯುವ ನರಕ್ಕೆ ದಾಟಿ, ಗ್ಲೈಸಿನ್ನನ್ನು ಹೊರಚೆಲ್ಲಲು ಬೇಕಾದ ಒಂದು ಪ್ರೋಟೀನನ್ನು ಕತ್ತರಿಸಿಹಾಕುತ್ತದೆ. ಈ ಕತ್ತರಿಯ ಕೆಲಸ ಬೆಳಕಿಗೆ ಬಂದದ್ದು ೧೯೯೨ರಲ್ಲಿ.

ಆಮೇಲೆ ಎಲ್ಲ ಸ್ನಾಯುಗಳೂ ಒಟ್ಟಿಗೆ ಎಳೆಯತೊಡಗುತ್ತವೆ. ಸಾಮಾನ್ಯವಾಗಿ ಮೊದಲು ದವಡೆ ಕಚ್ಚಿಕೊಳ್ಳುತ್ತದೆ. ಬೆನ್ನಿನ ಸ್ನಾಯುಗಳು ಹೊಟ್ಟೆಯವಕ್ಕಿಂತ ಬಲವಾದುವಾದ್ದರಿಂದ ದೇಹ ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ. ಹಳೆಯ ವೈದ್ಯರು ಧನುಸ್ತಂಭ ಎಂದು ಕರೆದದ್ದು ಕಣ್ಣಾರೆ ಕಂಡೇ. ಬಾಗಿಲ ಸದ್ದು, ಒಂದಿಷ್ಟು ಬೆಳಕು, ಇಷ್ಟು ಸಾಕು ಸೆಳವು ಬರಲು. ರೋಗಿಗೆ ಮಾತ್ರ ಪೂರ್ಣ ಎಚ್ಚರವಿರುತ್ತದೆ.

ಪ್ರತಿವಿಷದ ಚುಚ್ಚುಮದ್ದು ರಕ್ತದಲ್ಲಿರುವ ವಿಷವನ್ನು ಹಿಡಿಯಬಲ್ಲದು. ನರದೊಳಗೆ ಹೊಕ್ಕದ್ದನ್ನು ಹಿಡಿಯಲಾರದು. ಆದ್ದರಿಂದ ಲಸಿಕೆ ಮುಂಚೆಯೇ ಆಗಬೇಕು. ಶುಚಿಯಿಲ್ಲದ ಅಲಗಿನಿಂದ ಹೊಕ್ಕುಳಬಳ್ಳಿ ಕೊಯ್ದು ಎಷ್ಟು ಹಸುಗೂಸುಗಳನ್ನು ಕಳೆದುಕೊಂಡೆವು! ಬಸುರಿಯಲ್ಲಿ ತಾಯಿಗೆ ಹಾಕಿದ ಲಸಿಕೆ ಮಗುವನ್ನೂ ಕಾಯುತ್ತದೆ. ೨೦೧೫ರ ವೇಳೆಗೆ ಭಾರತದ ಪ್ರತಿ ಜಿಲ್ಲೆಯಲ್ಲಿಯೂ ಶಿಶುಗಳ ಧನುರ್ವಾಯು ಸಾವಿರ ಜನನಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ರೋಗಾಣುವೇನೋ ಮಣ್ಣಿನಲ್ಲಿಯೇ ಇದೆ. ಒಮ್ಮೆ ಬಂದು ವಾಸಿಯಾದವರಿಗೂ ಲಸಿಕೆ ತಪ್ಪದು. ಕೊಲ್ಲಲು ಸಾಕಾಗುವ ವಿಷವೂ ಎಷ್ಟು ಅಲ್ಪವೆಂದರೆ, ಅದನ್ನು ಗುರುತಿಟ್ಟುಕೊಳ್ಳಲು ದೇಹಕ್ಕೆ ಸಾಲುವುದಿಲ್ಲ.