ಹನ್ನೊಂದನೇ ನಂಬರಿನ ಜಗಳ

ಕಳೆದ ಬೇಸಿಗೆ ರಜೆಯ ಒಂದು ಭಾನುವಾರ ಬೆಳಿಗ್ಗೆ ತಿಲಕ್ ನಗರದ ನಮ್ಮ ಮನೆಗೆ ಹತ್ತನೇ ತರಗತಿಯ ಹುಡುಗನೊಬ್ಬ ತಂದೆಯ ಜೊತೆ ಬಂದ. ಬಂದ ಎನ್ನುವುದಕ್ಕಿಂತ ತಂದೆ ಎಳೆದುಕೊಂಡು ಬಂದರು ಎನ್ನುವುದೇ ಸರಿ. ಹುಡುಗನ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಹಳೆಯ ಅಮರ ಚಿತ್ರ ಕಥೆ: ಇಂಗ್ಲಿಷಿನ ‘ಕೃಷ್ಣ’, ಸಂಖ್ಯೆ 11.

“ಮೊದಲ ಮುದ್ರಣ ಅಂತ ಹೇಳಿ ಇವನ ಹತ್ತಿರ ಒಂದೂವರೆ ಸಾವಿರ ತಗೊಂಡಿದ್ದಾರೆ ಸಾರ್. ಅವರಜ್ಜಿ ಹಬ್ಬಕ್ಕೆ ಕೊಟ್ಟಿದ್ದ ದುಡ್ಡು. ಇವನ ಸ್ನೇಹಿತ ನೋಡಿ ಡೂಪ್ಲಿಕೇಟ್ ಅಂದನಂತೆ. ನಾನು ಗ್ರಾಹಕರ ಕೋರ್ಟಿಗೆ ಹೋಗೋನೇ” ಎಂದರು ತಂದೆ.

ನಾನು ವಿಜ್ಞಾನದ ಮೇಷ್ಟ್ರು, ಕಾಮಿಕ್ಸ್ ವ್ಯಾಪಾರ ನನಗೆ ತಿಳಿಯದು. ಆದರೂ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಇಂದ್ರಜಾಲ ಕಾಮಿಕ್ಸನ್ನು ಸಮಾಜ ಪುಸ್ತಕದೊಳಗಿಟ್ಟು ಓದಿ ಏಟು ತಿಂದವನು. ಹಾಗಾಗಿ ಭೂತಗನ್ನಡಿ ತೆಗೆದುಕೊಂಡು ಕೂತೆ.

ಹುಡುಗನಿಗೆ ಮೊದಲಿನಿಂದಲೂ ಒಂದು ಅನುಮಾನ. “11 ಅಂತಿದೆ. ಹಾಗಾದರೆ 1ರಿಂದ 10 ಎಲ್ಲಿ ಸಾರ್? ಇದು ಮೊದಲನೆಯದು ಹೇಗಾಗುತ್ತೆ?” ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ಇಂಡಿಯಾ ಬುಕ್ ಹೌಸಿನ ಇಲ್ಲಿನ ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಅಮರ ಚಿತ್ರ ಕಥೆಯನ್ನು ಮೊದಲು ಹೊರತಂದದ್ದು ಕನ್ನಡದಲ್ಲಿ. ಸಿಂಡ್ರೆಲ್ಲಾ, ಪಿನೋಕಿಯೋ ಮುಂತಾದ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಮುಂಬಯಿಯಲ್ಲಿ ನಮ್ಮ ಪುರಾಣಗಳ ಸರಣಿ ಆರಂಭಿಸಿದಾಗ ಎಣಿಕೆ ಅಲ್ಲಿಂದ ಮುಂದುವರಿಯಿತು. ಹೀಗಾಗಿ ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ ಹನ್ನೊಂದನೆಯದಾಯಿತು. ಆ ಕನ್ನಡದ ಹತ್ತನ್ನು ನಮ್ಮ ಮನೆಗಳಿಂದಲೇ ಎಷ್ಟು ತಾಯಂದಿರು ಪರೀಕ್ಷೆ ಮುಗಿದ ಮೇಲೆ ಹಳೇ ಪೇಪರಿನವನ ತಕ್ಕಡಿಗೆ ಹಾಕಿದರೋ!

ಆದರೆ 11 ಎಂದು ಇದ್ದಮಾತ್ರಕ್ಕೆ ಮೊದಲ ಮುದ್ರಣವಾಗುವುದಿಲ್ಲ. ಸಂಗ್ರಾಹಕರಿಗೂ ವ್ಯಾಪಾರಿಗಳಿಗೂ ಬೀಳುವ ಜಗಳದ ಬೇರು ಇಲ್ಲಿದೆ. ಜನಪ್ರಿಯ ಸಂಚಿಕೆಗಳು ಮತ್ತೆ ಮತ್ತೆ ಅಚ್ಚಾದವು. ಇದು ಎಷ್ಟನೆಯ ಮುದ್ರಣ ಎಂಬುದು ಎಷ್ಟೋ ಹಳೆಯ ಪ್ರತಿಗಳಲ್ಲಿ ಇರುವುದೇ ಇಲ್ಲ. ವ್ಯಾಪಾರಿ ‘ಹಳೇದು’ ಎನ್ನುತ್ತಾನೆ, ಕೊಳ್ಳುವವನಿಗೆ ಅದು ‘ಮೊದಲನೇದು’ ಎಂದು ಕೇಳಿಸುತ್ತದೆ.

ಪುಸ್ತಕವನ್ನೇ ಸಾಕ್ಷಿ ಕೇಳಬೇಕು. ಮೊದಲು ಭೂತಗನ್ನಡಿಯಲ್ಲಿ ಬಣ್ಣ ನೋಡಿದೆವು. ಪ್ರೆಸ್ಸಿನಲ್ಲಿ ಅಚ್ಚಾದ ಚಿತ್ರದಲ್ಲಿ ಚುಕ್ಕಿಗಳು ಸಾಲುಗಟ್ಟಿ ನಿಂತಿರುತ್ತವೆ. ಸ್ಕ್ಯಾನ್ ಮಾಡಿ ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದದ್ದಾದರೆ ಚುಕ್ಕಿಗಳು ಎರಚಿದ ಹಾಗಿರುತ್ತವೆ. ಇಲ್ಲಿ ಸಾಲು ಸರಿಯಾಗಿತ್ತು. ಅಂದರೆ ಡೂಪ್ಲಿಕೇಟ್ ಅಲ್ಲ. ಆಮೇಲೆ ಪ್ರಕಾಶಕರ ವಿಳಾಸ. ಬೊಂಬಾಯಿಯ ಮುಂದೆ ಆರಂಕಿಯ ಪಿನ್ ಕೋಡ್ ಇತ್ತು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಕೊನೆಗೆ ಹಿಂಬದಿಯ ಪಟ್ಟಿ: ಅದರಲ್ಲಿ ನೂರು ದಾಟಿದ ಸಂಖ್ಯೆಯ ಪುಸ್ತಕಗಳ ಹೆಸರಿದ್ದವು. ಹನ್ನೊಂದನೆಯದು ಮೊದಲ ಸಲ ಅಚ್ಚಾದಾಗ ನೂರನೆಯದರ ಹೆಸರು ಯಾರಿಗೆ ಗೊತ್ತಿರಲು ಸಾಧ್ಯ? ಹುಡುಗನೇ ಇದನ್ನು ಹಿಡಿದ. ಅಸಲಿ ಪುಸ್ತಕ, ಆದರೆ ಮರುಮುದ್ರಣ.

ಇನ್ನು ಕೋರ್ಟಿನ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ “ಬಿಲ್ ಎಲ್ಲಿ?” ಎಂದರೆ ಅಪ್ಪ ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಲಾಭಕ್ಕೆ ಮರುಮಾರಾಟ ಮಾಡಲೆಂದು ಕೊಂಡವನು ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕನೇ ಅಲ್ಲ ಎಂದೂ ಹೇಳಿದೆ. ತಂದೆ ಸ್ವಲ್ಪ ಮೆತ್ತಗಾದರು. “ಹತ್ತು ವರ್ಷ ಇಟ್ಟರೆ ಒಳ್ಳೇ ರೇಟು ಬರುತ್ತೆ ಅಂತ ನಾನೇ ಅಂದಿದ್ದೆ ಸಾರ್.”

ಸಂಜೆ ಮೂವರೂ ವ್ಯಾಪಾರಿಯ ಹತ್ತಿರ ಹೋದೆವು. ವಯಸ್ಸಾದವರು. “ನಾನು ಹಳೇದು ಅಂದೆ ಮೇಷ್ಟ್ರೇ, ಫಸ್ಟ್ ಪ್ರಿಂಟ್ ಅಂದಿಲ್ಲ” ಎಂದು ಅವರು, “ಅಂದ್ರಿ ಅಂಕಲ್” ಎಂದು ಹುಡುಗ. ಪಿನ್ ಕೋಡನ್ನೂ ಪಟ್ಟಿಯನ್ನೂ ತೋರಿಸಿದಾಗ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಇಷ್ಟು ವರ್ಷದಲ್ಲಿ ಆ ಪಟ್ಟಿ ಓದಿದ್ದೇ ಇಲ್ಲ ಎಂದು ಒಪ್ಪಿಕೊಂಡರು. ನನಗೆ ಅದು ನಿಜವೆನ್ನಿಸಿತು.

ದುಡ್ಡು ವಾಪಸು ಕೊಡಲು ಸಿದ್ಧರಾಗಿ ಪುಸ್ತಕ ತಿರುಗಿಸಿದವರು ತಟ್ಟನೆ ನಿಂತರು. ಬೆನ್ನಿನ ಉದ್ದಕ್ಕೂ ಸೆಲ್ಲೋಟೇಪ್. “ಇದು ನಾನು ಕೊಟ್ಟಾಗ ಇರಲಿಲ್ಲ!” ಹುಡುಗ ತಲೆ ತಗ್ಗಿಸಿದ. ತುಕ್ಕು ಹಿಡಿದ ಪಿನ್ನು ಕಿತ್ತು ಅವನೇ ಅಂಟಿಸಿದ್ದ. ಟೇಪಿನ ಅಂಟು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಕಂದು ಬಣ್ಣಕ್ಕೆ ತಿರುಗಿ ಕಾಗದದೊಳಗೆ ಇಳಿಯುತ್ತದೆ. ಆಮೇಲೆ ಕಲೆ ತೆಗೆಯುವುದು ಬಲು ಕಷ್ಟ. ಇದನ್ನು ನಾನು ಹೇಳಬೇಕಾಗಿ ಬಂತು, ವ್ಯಾಪಾರಿಯ ಪರವಾಗಿ.

ಅರ್ಧ ಗಂಟೆ ಚೌಕಾಸಿಯಾಯಿತು. ಟೇಪ್ ಹಾಕಿದ ಪುಸ್ತಕ ತಮಗೆ ಬೇಡ, ಮರುಮುದ್ರಣದ ಬೆಲೆ ಇನ್ನೂರು ಹಿಡಿದುಕೊಂಡು ಉಳಿದದ್ದು ಕೊಡುತ್ತೇನೆ ಎಂದರು ಅವರು. ತಂದೆ ಗೊಣಗಿದರು, ಹುಡುಗ ಒಪ್ಪಿದ. ಸಾವಿರದ ಮುನ್ನೂರು ಎಣಿಸಿ ಕೊಟ್ಟ ಮೇಲೆ ಹುಡುಗ ಚೀಟಿ ಕೇಳಿದ. ಅವರು ನಗುತ್ತಾ ಒಂದು ಹಾಳೆ ಹರಿದು ಬರೆದರು: “ಕೃಷ್ಣ, ನಂ. 11, ಮರುಮುದ್ರಣ, ಟೇಪ್ ಇದೆ, ರೂ. 200.”