ಸೀಟು ಹೆಚ್ಚಿದರೆ ಮೇಷ್ಟ್ರು ಬರ್ತಾರಾ? ಹಿಂದೂಪುರ, ಕಲ್ಯಾಣದುರ್ಗದ ಕಡೆಯಿಂದ ಒಂದು ಪ್ರಶ್ನೆ

ನಾನು ಓದಿದ್ದು ಹಿಂದೂಪುರದ ಹತ್ತಿರ, ಆಂಧ್ರದ ಒಳಗಿನ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಮೇಷ್ಟ್ರು ನಿವೃತ್ತರಾದ ಮೇಲೆ ಎರಡು ವರ್ಷ ಆ ಹುದ್ದೆ ಖಾಲಿ ಇತ್ತು. ಅದೇ ಹೊತ್ತಿಗೆ ಶಾಲೆಗೆ ಹೊಸ ಕಾಂಪೌಂಡು ಬಂತು. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಆಗ.

ವೈನ್‌ಗಾಸ್ಟ್, ಶೆಪ್ಸ್‌ಲಿ, ಜಾನ್ಸನ್ 1981ರಲ್ಲಿ ಮಂಡಿಸಿದ ವಾದ ನಿಮಗೆ ಗೊತ್ತಿರೋದೇ: ಕಾಮಗಾರಿಯ ಲಾಭ ಒಂದು ಕ್ಷೇತ್ರಕ್ಕೆ, ಖರ್ಚು ಎಲ್ಲ ಕ್ಷೇತ್ರಗಳ ತಲೆಗೆ. ಹಾಗಾಗಿ ಸದಸ್ಯರು ಹೆಚ್ಚಿದಷ್ಟೂ ವೆಚ್ಚ ಏರುತ್ತದೆ. ಆದರೆ ಸ್ವೀಡನ್, ಫಿನ್‌ಲ್ಯಾಂಡಿನ ಸ್ಥಳೀಯ ಸಂಸ್ಥೆಗಳಲ್ಲಿ ಪೆಟರ್ಸನ್-ಲಿಡ್‌ಬೊಮ್ (2012) ಕಂಡದ್ದು ಇದರ ತದ್ವಿರುದ್ಧ. ಇದನ್ನು ನಿಯಮ ಅಂತ ಕರೆಯೋಕೆ ನನಗೆ ಸಂಕೋಚ.

ನಮ್ಮ ಲೆಕ್ಕ ನೋಡಿ. ಆಂಧ್ರ ವಿಧಾನಸಭೆಯಲ್ಲಿ 175 ಸ್ಥಾನ. 2014ರ ಪುನರ್‌ರಚನಾ ಕಾಯ್ದೆಯಲ್ಲಿ 225ರ ಮಾತಿದೆ. ಸಂವಿಧಾನದ 170ನೇ ವಿಧಿ ಅಡ್ಡ ಬರುತ್ತದೆ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2011ರ ಜನಗಣತಿಯಂತೆ ಒಬ್ಬ ಶಾಸಕರಿಗೆ ಸುಮಾರು 2.8 ಲಕ್ಷ ಜನ. 225 ಆದ್ರೆ 2.2 ಲಕ್ಷ. ಕರ್ನಾಟಕದ 224 ಸ್ಥಾನಕ್ಕೆ ಸುಮಾರು 2.7 ಲಕ್ಷ. ಅಂದ್ರೆ ಕಲ್ಯಾಣದುರ್ಗದವರಿಗೂ ಗಡಿಯಾಚೆಯ ಪಾವಗಡದವರಿಗೂ ಈ ಸರಾಸರಿ ಹೆಚ್ಚುಕಮ್ಮಿ ಒಂದೇ.

ಹಾಗಾದ್ರೆ ವ್ಯತ್ಯಾಸ ಎಲ್ಲಿ? ಶಿಕ್ಷಣದ ದುಡ್ಡಿನಲ್ಲಿ ಬಹುಪಾಲು ಸಂಬಳಕ್ಕೆ ಹೋಗುತ್ತದೆ. ಕೊಠಡಿ, ಕಾಂಪೌಂಡು ಶಾಸಕರು ತರಬಹುದು, ಕಲ್ಲಿನಲ್ಲಿ ಹೆಸರೂ ಕೆತ್ತಿಸಬಹುದು. ಮೇಷ್ಟ್ರ ಹುದ್ದೆ ಹಾಗಲ್ಲ. ರಾಜ್ಯ ಮಂಜೂರು ಮಾಡಬೇಕು, ಆಮೇಲೆ ಡಿಎಸ್‌ಸಿ ಮೂಲಕ ಜಿಲ್ಲೆವಾರು, ಮಾಧ್ಯಮವಾರು ನೇಮಕ. ಕನ್ನಡದ ಮನೆಗಳೋ ಮಡಕಶಿರಾ, ಹಿಂದೂಪುರ, ರಾಯದುರ್ಗ, ಕಲ್ಯಾಣದುರ್ಗ ಅಂತ ಚದುರಿವೆ. 2022ರಲ್ಲಿ ಜಿಲ್ಲೆಯೂ ಎರಡಾಯಿತು: ಮೊದಲಿನೆರಡು ಶ್ರೀ ಸತ್ಯಸಾಯಿ ಜಿಲ್ಲೆಗೆ, ಉಳಿದೆರಡು ಅನಂತಪುರಕ್ಕೆ. ಕನ್ನಡ ಹುದ್ದೆ ಕೇಳದಿದ್ದರೆ ಸೋಲ್ತೀನಿ ಅನ್ನೋ ಭಯ ಯಾವ ಶಾಸಕರಿಗಿದೆ?

ವಿಧಾನ ಪರಿಷತ್ತಿನ 58ರಲ್ಲಿ 5 ಸ್ಥಾನ ಶಿಕ್ಷಕರ ಕ್ಷೇತ್ರಗಳದ್ದು. ಆದರೆ 171ನೇ ವಿಧಿಯ ಪ್ರಕಾರ ಅಲ್ಲಿ ಓಟು ಪ್ರೌಢಶಾಲೆ ಮತ್ತು ಮೇಲಿನವರಿಗೆ. ನಮ್ಮ ಮೇಷ್ಟ್ರು ಪ್ರಾಥಮಿಕದವರು, ಅವರಿಗೆ ಆ ಓಟೂ ಇರಲಿಲ್ಲ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: 225 ಆದರೆ ಅಮರಾಪುರ, ರೊಳ್ಳ, ಅಗಳಿ ಮಂಡಲಗಳ ಮಾತಿಗೆ ತೂಕ ಬರಲ್ವಾ? ಬರಬಹುದು, ಮೂರೂ ಒಂದೇ ಕ್ಷೇತ್ರದಲ್ಲಿ ಉಳಿದರೆ. ಈಗ ಮಡಕಶಿರಾದಲ್ಲಿ ಒಟ್ಟಿಗಿವೆ. ಹೊಸ ಗೆರೆ ಅವುಗಳ ನಡುವೆ ಹಾದುಹೋದರೆ ಇರೋ ಬಲವೂ ಹೋಯ್ತು. ಅದಕ್ಕೇ ನಾನೀಗ ಸೀಟು ಎಣಿಸೋದು ಬಿಟ್ಟು, ಖಾಲಿ ಹುದ್ದೆಗಳನ್ನ ಮಂಡಲವಾರು ಎಣಿಸ್ತಿದ್ದೀನಿ.