ಕರೆದರೆ ತಿರುಗದ ಕೂಸು

ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಏರಿದವರು ಇಂಥದೊಂದು ನೋಟವನ್ನು ಕಂಡಿರಬಹುದು. ಚೌಡಿಕೆಯ ನಾದ, ‘ಉಧೋ ಉಧೋ’ ಎಂಬ ಘೋಷ, ಗಾಳಿಯಲ್ಲಿ ತೇಲುವ ಭಂಡಾರ, ಇವುಗಳ ನಡುವೆ ನಾಲ್ಕೈದು ವರುಷದ ಕೂಸೊಂದು ಎರಡೂ ಕಿವಿಗಳನ್ನು ಮುಚ್ಚಿಕೊಂಡು ನೆಲಕ್ಕುರುಳಿ ಚೀರುತ್ತದೆ. ತಾಯಿ ನಾಚಿ ಸೆರಗಿನಲ್ಲಿ ಅದನ್ನು ಮರೆಮಾಡುತ್ತಾಳೆ. ನೆರೆದವರು ತಲೆಗೊಂದು ತೀರ್ಪು ಕೊಡುತ್ತಾರೆ: ಹಟಮಾರಿ ಕೂಸು, ದೃಷ್ಟಿ ತಾಗಿದ ಕೂಸು, ಮುದ್ದು ಮಾಡಿ ಕೆಡಿಸಿದ ಕೂಸು. ಈ ಮೂರು ತೀರ್ಪುಗಳೂ ತಪ್ಪಾಗಿರುವ ಸಂಭವವುಂಟು. ಆ ಕೂಸಿಗಿರುವುದು ವೈದ್ಯರು ಆಟಿಸಂ ಎಂದೂ ನಮ್ಮ ನುಡಿಯಲ್ಲಿ ಸ್ವಲೀನತೆಯೆಂದೂ ಕರೆಯುವ ಸ್ಥಿತಿಯಾಗಿರಬಹುದು.

ಈ ವಿಷಯದತ್ತ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ವಾಚಕರ ಲಕ್ಷ್ಯವನ್ನು ಸೆಳೆಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಸ್ವಲೀನತೆಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ನೆಯ ಇಸವಿಗೆ ಅಂದಾಜು ಮಾಡಿದೆ. ಈ ಪ್ರಮಾಣವು ನಮ್ಮ ಭಾಗಕ್ಕೂ ಒಪ್ಪುವುದಾದರೆ, 5000 ಜನವಸತಿಯ ಹಳ್ಳಿಯೊಂದರಲ್ಲಿ ಅಂಥವರು ಸುಮಾರು 40 ಮಂದಿ ಇರಬೇಕು. ಅವರೆಲ್ಲಿ? ಅವರು ನಮ್ಮ ನಡುವೆಯೇ ಇದ್ದಾರೆ. ಆದರೆ ಮಂದಬುದ್ಧಿಯವ, ಮೂಗ, ಅರೆಮರುಳ, ಒಂಟಿಗ ಎಂಬ ಬೇರೆ ಹೆಸರುಗಳನ್ನು ಹೊತ್ತುಕೊಂಡು ಇದ್ದಾರೆ.

ಸ್ವಲೀನತೆಯು ಜ್ವರದಂತೆ ಬಂದು ಹೋಗುವ ಬೇನೆಯಲ್ಲ. ಬಾಳಿನುದ್ದಕ್ಕೂ ಇರತಕ್ಕ, ಮೆದುಳಿನ ಬೆಳವಣಿಗೆಯ ಒಂದು ಭಿನ್ನ ರೀತಿ. ಇತರರೊಡನೆ ನೋಟ, ಮಾತು, ಸನ್ನೆಗಳ ಕೊಡುಕೊಳೆಯಲ್ಲಿ ತೊಡಕು ಇದರ ಒಂದು ಲಕ್ಷಣ. ಒಂದೇ ಕ್ರಮದ ಹಂಬಲ, ಒಂದೇ ವಿಷಯದಲ್ಲಿ ಆಳವಾದ ಆಸಕ್ತಿ, ಸದ್ದು, ಬೆಳಕು, ಸ್ಪರ್ಶಗಳ ವಿಪರೀತ ಅನುಭವ ಇನ್ನೊಂದು. ಕೆಲವರು ಬಾಳಿನಲ್ಲಿ ಒಂದು ಮಾತನ್ನೂ ಆಡದಿರಬಹುದು. ಕೆಲವರು ಪದವೀಧರರಾಗಿ ಉದ್ಯೋಗದಲ್ಲಿರಬಹುದು. ಆದುದರಿಂದ ಒಬ್ಬರನ್ನು ಕಂಡು ಎಲ್ಲರನ್ನೂ ಅಳೆಯಲಾಗದು.

ಇದು ಹೊಸ ಕಾಲದ ಬೇನೆಯೆಂದು ಕೆಲವರು ಹೇಳುವುದುಂಟು. ಹೊಸದಾದುದು ಹೆಸರು ಮಾತ್ರ. 1925ರಲ್ಲಿ ಮಾಸ್ಕೋದ ವೈದ್ಯೆ ಸುಖರೇವಾ ಇಂಥ ಬಾಲಕರನ್ನು ವರ್ಣಿಸಿದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಮರುವರುಷ ವಿಯೆನ್ನಾದಲ್ಲಿ ಆಸ್ಪರ್ಗರ್ ಅಂತಹುದೇ ವರದಿಯನ್ನು ಬರೆದರು. ಮುಂದೆ ಕೆಲವು ಪಂಡಿತರು ತಾಯಿಯ ಶೀತಲ ಹೃದಯವೇ ಇದಕ್ಕೆ ಕಾರಣವೆಂದು ಸಾರಿ ಸಾವಿರಾರು ತಾಯಂದಿರನ್ನು ಗೋಳಾಡಿಸಿದರು. 1977ರಲ್ಲಿ ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನವು ವಂಶವಾಹಿಗಳ ಪಾತ್ರವನ್ನು ತೋರಿಸಿದ ಮೇಲೆ ಆ ಕಳಂಕವು ಅಳಿಯತೊಡಗಿತು. ನಮ್ಮ ಹಳ್ಳಿಗಳಲ್ಲಿ ಸೊಸೆಯ ಮೇಲೆ ದೋಷ ಹೊರಿಸುವ ಅತ್ತೆಯೂ ಅಮೆರಿಕದ ಆ ಪಂಡಿತರೂ ಮಾಡಿದುದು ಒಂದೇ ತಪ್ಪನ್ನು. ಲಸಿಕೆಯಿಂದ ಇದು ಬರುತ್ತದೆಂಬ ಮಾತೂ ಇಂಥದೇ. 1998ರಲ್ಲಿ ಅದನ್ನು ಹಬ್ಬಿಸಿದ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಹಾಗಾದರೆ ಇದನ್ನು ಗುರುತಿಸುವುದು ಹೇಗೆ? ರಕ್ತ ಪರೀಕ್ಷೆಯಿಂದಲ್ಲ, ಮೆದುಳಿನ ಚಿತ್ರದಿಂದಲೂ ಅಲ್ಲ. ಕೂಸನ್ನು ನೋಡುವುದರಿಂದ, ತಾಯಿಯನ್ನು ಕೇಳುವುದರಿಂದ. ವರುಷ ತುಂಬಿದರೂ ಹೆಸರು ಹಿಡಿದು ಕರೆದರೆ ತಿರುಗದಿರುವುದು. ಒಂದೂವರೆ ವರುಷವಾದರೂ ಚಂದಿರನನ್ನೋ ಚಕ್ಕಡಿಯನ್ನೋ ಬೆರಳು ಮಾಡಿ ತೋರಿಸದಿರುವುದು. ಕಲಿತ ಮಾತುಗಳು ಮರೆಯಾಗುವುದು. ಆಟದ ಬಂಡಿಯನ್ನು ಓಡಿಸದೆ ಅದರ ಗಾಲಿಯನ್ನೇ ತಾಸುಗಟ್ಟಲೆ ತಿರುಗಿಸುವುದು. ಹಾಲು ಬೇಕಾದಾಗ ‘ಹಾಲ ಬೇಕೇನ?’ ಎಂದು ತಾಯಿಯ ಪ್ರಶ್ನೆಯನ್ನೇ ಮರಳಿ ನುಡಿಯುವುದು. ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ನಿರ್ಣಯಿಸಲಾಗದು. ಹಲವು ಕೂಡಿ ಕಂಡರೆ ತಡಮಾಡಲೂ ಆಗದು. ಮೊದಲು ಕಿವಿಯ ಪರೀಕ್ಷೆಯಾಗಬೇಕು. ಆಮೇಲೆ ತಜ್ಞರು ಭಾರತದ್ದೇ ಆದ ಒಂದು ಅಳತೆಗೋಲನ್ನು ಬಳಸುತ್ತಾರೆ. ಅದರಲ್ಲಿ 40 ಅಂಶಗಳಿದ್ದು ಒಂದೊಂದಕ್ಕೆ 1ರಿಂದ 5ರ ವರೆಗೆ ಅಂಕ. ಒಟ್ಟು ಅಂಕ 70ಕ್ಕೆ ಕಡಿಮೆಯಿದ್ದರೆ ಸ್ವಲೀನತೆಯಿಲ್ಲವೆಂದು ಎಣಿಕೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೂಲೆಯಲ್ಲಿ ಸುಮ್ಮನೆ ಕುಳಿತ ಹುಡುಗಿಯನ್ನು ನಾವು ಸುಶೀಲೆಯೆಂದು ಹೊಗಳಿ ಮರೆತುಬಿಡುತ್ತೇವೆ.

ಇಲ್ಲಿ ನುಡಿಯ ಮಾತೊಂದನ್ನು ಹೇಳದೆ ಇರಲಾರೆವು. ಇಂಥ ಮಕ್ಕಳಿಗೆ ಎರಡು ಭಾಷೆ ಭಾರವಾದೀತೆಂದು ಹೆದರಿ ಮನೆಯಲ್ಲಿ ಕನ್ನಡವನ್ನೇ ಬಿಡುವ ತಂದೆತಾಯಿಗಳುಂಟು. ಎರಡು ಭಾಷೆಗಳ ನಡುವೆ ಬೆಳೆದುದರಿಂದ ಸ್ವಲೀನ ಮಕ್ಕಳ ಮಾತಿಗೆ ಹಾನಿಯಾಗದೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ತಾಯಿ ತಾನು ಬಲ್ಲ ನುಡಿಯಲ್ಲಿಯೇ ಕೂಸನ್ನು ಆಡಿಸಲಿ. ಅಜ್ಜಿಯ ಮಾತು ತಿಳಿಯದ ಮಗುವು ತನ್ನ ಮನೆಯಲ್ಲಿಯೇ ಪರದೇಶಿಯಾಗುವುದಿಲ್ಲವೇ?

ಇಷ್ಟೂ ಹೊರಗಿನಿಂದ ನೋಡಿದ ಮಾತಾಯಿತು. ಒಳಗಿನಿಂದ ಬಾಳಿದವರು ಏನೆನ್ನುತ್ತಾರೆ? ಅಮೆರಿಕದ ಟೆಂಪಲ್ ಗ್ರಾಂಡಿನ್ ಎಂಬ ವಿದುಷಿಯು ಮೂರು ವರುಷ ಕಳೆದರೂ ಮಾತಾಡಿರಲಿಲ್ಲ. ಮುಂದೆ ಅವರು ದನಕರುಗಳ ಶಾಸ್ತ್ರದಲ್ಲಿ ಪ್ರಾಧ್ಯಾಪಕಿಯಾದರು. ತಾನು ಶಬ್ದಗಳಲ್ಲಿ ಅಲ್ಲ, ಚಿತ್ರಗಳಲ್ಲಿ ಯೋಚಿಸುತ್ತೇನೆಂದು ಅವರು ಬರೆದಿದ್ದಾರೆ. ದನಗಳು ನಡೆಯುವ ಇಕ್ಕಟ್ಟಿನ ದಾರಿಯಲ್ಲಿ ತಾವೇ ನಡೆದು, ನೇತಾಡುವ ಸರಪಳಿ, ನೆಲದ ನೆರಳು ಇವೇ ಅವುಗಳನ್ನು ಬೆದರಿಸುತ್ತವೆಂದು ಕಂಡುಕೊಂಡರು. ಎತ್ತು ಹೂಡಿ ಬಾಳಿದ ನಮ್ಮ ಒಕ್ಕಲಿಗರಿಗೆ ಆ ದೃಷ್ಟಿಯ ಬೆಲೆ ಬೇಗನೆ ತಿಳಿದೀತು. ಇನ್ನು ಅನೇಕ ಸ್ವಲೀನರು ಹೇಳುವುದೇನೆಂದರೆ, ಇತರರಿಗೆ ಹಿತವಾದ ಸದ್ದು ತಮಗೆ ಸುತ್ತಿಗೆಯ ಪೆಟ್ಟಾಗಬಹುದು; ಕಣ್ಣಿಗೆ ಕಣ್ಣು ಕೂಡಿಸಿದರೆ ಎದುರಿನವರ ಮಾತೇ ಕೇಳಿಸದೆ ಹೋಗಬಹುದು; ಎಲ್ಲರಂತೆ ತೋರಿಸಿಕೊಳ್ಳಲು ಹೆಣಗಿ ಸಂಜೆಯ ಹೊತ್ತಿಗೆ ಬಸವಳಿಯಬಹುದು. ತಾನೂ ಸ್ವಲೀನನಾದ ಇಂಗ್ಲೆಂಡಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ನ್ಯಾಯವಾದ ಪ್ರಶ್ನೆಯನ್ನೆತ್ತಿದರು: ಅವರು ನಮ್ಮನ್ನು ಅರಿಯರೆನ್ನುವ ನಾವು ಅವರನ್ನು ಅರಿತಿದ್ದೇವೆಯೇ? ಹೀಗೆ ತಿಳಿದು ನೋಡಿದರೆ ಗುಡ್ಡದ ಮೇಲೆ ಚೀರಿದ ಕೂಸು ಹಟಮಾರಿಯಲ್ಲ. ತಾಳಲಾರದ ನೋವನ್ನು ತನಗೆ ತಿಳಿದ ಒಂದೇ ರೀತಿಯಲ್ಲಿ ಅದು ಹೇಳಿಕೊಂಡಿತು.

ಹರಕೆ ಹೊರುವ ತಾಯಿಯನ್ನು ನಾವು ಹಳಿಯುವುದಿಲ್ಲ. ಆದರೆ ಹರಕೆ ಫಲಿಸಲೆಂದು ಎರಡು ಮೂರು ವರುಷ ಕಾಯುವುದು ಬೇಡವೆಂದು ಕೈಮುಗಿದು ಹೇಳುತ್ತೇವೆ. ಎಳವೆಯಲ್ಲಿ ದೊರೆತ ನೆರವು ಮಾತನ್ನು, ಸನ್ನೆಯನ್ನು, ಚಿತ್ರ ತೋರಿಸಿ ಕೇಳುವ ಬಗೆಯನ್ನು ಕಲಿಸಬಲ್ಲುದು. ಪೂರ್ಣ ಗುಣಪಡಿಸುತ್ತೇವೆಂದು ಹಣ ಕೀಳುವವರನ್ನು ಮಾತ್ರ ಬಾಗಿಲೊಳಗೆ ಬಿಡಬಾರದು. ಸ್ವಲೀನತೆಯನ್ನು ಅಳಿಸುವ ಔಷಧಿ ಇಲ್ಲ.

ಇನ್ನು ಸರಕಾರದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ತಾನು ಎಣಿಸಿದ 21 ವೈಕಲ್ಯಗಳಲ್ಲಿ ಸ್ವಲೀನತೆಯನ್ನೂ ಸೇರಿಸಿತು. ಶೇಕಡ 40 ಅಥವಾ ಅದಕ್ಕೂ ಹೆಚ್ಚಿನ ಪ್ರಮಾಣಪತ್ರವುಳ್ಳ ಮಗುವಿಗೆ 6ರಿಂದ 18 ವರುಷದ ವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ ವೈದ್ಯ ತಂಡಗಳು ಅಂಗನವಾಡಿಗೆ ವರುಷಕ್ಕೆರಡು ಬಾರಿ, ಸರಕಾರಿ ಶಾಲೆಗೆ ಒಂದು ಬಾರಿ ಬರತಕ್ಕದ್ದು. ಕಾಗದದ ಮೇಲೆ ಇದು ಉತ್ತಮ. ಆದರೆ ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿಲೋಮೀಟರು. ದಿನಗೂಲಿಯನ್ನು ಬಿಟ್ಟು, ಬಸ್ಸಿನ ಗದ್ದಲವನ್ನು ತಾಳದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬ ತಾಯಿ ಎಷ್ಟು ಸಲ ಆ ದಾರಿಯನ್ನು ತುಳಿಯಬಲ್ಲಳು? ನಾಲ್ಕೂ ತಾಲೂಕುಗಳ ಆಸ್ಪತ್ರೆಗಳಿಗೆ ಬೆಳಗಾವಿಯ ಮತ್ತು ಧಾರವಾಡದ ತಜ್ಞರು ತಿಂಗಳಿಗೊಂದು ನಿಯತ ದಿನ ಬಂದು ಪರೀಕ್ಷೆ ನಡೆಸಬೇಕು, ಪ್ರಮಾಣಪತ್ರದ ಕೆಲಸವೂ ಅಲ್ಲಿಯೇ ಸಾಗಬೇಕು ಎಂಬುದು ನಮ್ಮ ಬೇಡಿಕೆ. ಅಂಗನವಾಡಿಯ ಕಾರ್ಯಕರ್ತೆಗೆ ಲಕ್ಷಣಗಳ ತಿಳಿವಳಿಕೆಯನ್ನು ಕೊಡಬೇಕು. ಜಾತ್ರೆ, ಉತ್ಸವಗಳನ್ನು ನಡೆಸುವವರು ಇಂಥ ಮಕ್ಕಳಿಗಾಗಿ ಒಂದು ಶಾಂತವಾದ ಕೋಣೆಯನ್ನು ಮೀಸಲಿಟ್ಟರೆ ಅದಕ್ಕೆ ಬೊಕ್ಕಸವೇನೂ ಬರಿದಾಗದು.

ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿಯಿದೆ. 1824ರಲ್ಲಿ ಕಿತ್ತೂರು ಏಕೆ ಸಿಡಿದೆದ್ದಿತು? ಸಂಸ್ಥಾನದ ದತ್ತುಪುತ್ರನ ಹಕ್ಕನ್ನು ಕಂಪನಿ ಸರಕಾರವು ಮನ್ನಿಸಲಿಲ್ಲವೆಂದು. ಒಂದು ಮಗುವನ್ನು ಒಪ್ಪಿಕೊಳ್ಳಿರೆಂದು ಪ್ರಾಣವನ್ನೊಡ್ಡಿದ ನಾಡಿದು. ಇಂದು ಇಲ್ಲಿಯ ಮನೆಮನೆಗಳಲ್ಲಿರುವ ಈ ಮಕ್ಕಳು ನಮ್ಮಿಂದ ಪ್ರಾಣವನ್ನು ಕೇಳುತ್ತಿಲ್ಲ. ಕರೆದರೆ ತಿರುಗದ ಕೂಸು ತನ್ನದೇ ರೀತಿಯಲ್ಲಿ ನಮ್ಮನ್ನು ಕರೆಯುತ್ತಿದೆ. ತಿರುಗಿ ನೋಡತಕ್ಕವರು ನಾವು.